ಇಲಿ ಬಿದ್ದ ಮಳೆಗಾಲ

ಹೋದ ತಿಂಗಳು ನಮ್ಮ ಅಡುಗೆಮನೆಗೆ ಇಲಿಯೊಂದು ಸೇರಿಕೊಂಡಿತು. ಸೊಸೆ ಅಂಗಡಿಯಿಂದ ಅಂಟಿನ ಹಲಗೆ ತಂದಳು. ಅದರ ಮೇಲೆ ಕಾಲಿಟ್ಟ ಇಲಿ ಅಲ್ಲೇ ಸಿಕ್ಕಿಕೊಂಡು ಸಾಯುವ ತನಕ ಕಿರುಚುತ್ತದೆಯಂತೆ. "ಅದನ್ನ ಅತ್ಲಾಗೆ ಎಸಿ ಕಣೇ" ಎಂದು ಹೇಳಿ ಅಟ್ಟದ ಮೇಲಿದ್ದ ಹಳೆಯ ತಂತಿ ಬೋನನ್ನು ಇಳಿಸಿಕೊಂಡೆ. ಒಣಕೊಬ್ಬರಿಯ ಚೂರೊಂದನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡಿದೆ. ಕೊಬ್ಬರಿ ಚುರುಗುಟ್ಟಿತು, ಅಂಚು ಕಪ್ಪಾಯಿತು, ಮನೆಯೆಲ್ಲ ಕಮಟು ಹೊಗೆ. ಸೊಸೆ ಕಿಟಕಿ ತೆರೆಯಲು ಓಡಿದಳು. ನಾನು ಒಲೆ ಆರಿಸುವುದನ್ನೂ ಮರೆತು ನಿಂತಿದ್ದೆ.

ಬೋನಿಗೆ ಕೊಬ್ಬರಿ ಸುಡುವುದನ್ನು ನನಗೆ ಕಲಿಸಿದವರು ನಮ್ಮ ಯಜಮಾನರು. ಹಸಿ ಕೊಬ್ಬರಿಗೆ ಇಲಿ ಬರುವುದಿಲ್ಲ, ಪೂರ್ತಿ ಕರಕಲಾದರೂ ಬರುವುದಿಲ್ಲ, ಅಂಚು ಮಾತ್ರ ಸುಡಬೇಕು. ಇದು ಅವರ ವೃತ್ತಿ. ಹುಡುಗ ಸೆಂಟ್ರಲ್ ಗೌರ್ಮೆಂಟಿನ ಸೈನ್ಸ್ ಡಿಪಾರ್ಟ್‌ಮೆಂಟಿನಲ್ಲಿದ್ದಾನೆ ಎಂದು ಹೇಳಿ ನನ್ನನ್ನು ಕೊಟ್ಟಿದ್ದರು. ಸುಳ್ಳೇನಲ್ಲ. ಆ ಸೈನ್ಸು ಕಾಡಿಲಿ ಹಿಡಿಯುವ ಸೈನ್ಸು ಎಂಬುದನ್ನು ಮಾತ್ರ ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಾವಾಗ ರಾಜಾಜಿನಗರದ ಒಂದು ವಠಾರದಲ್ಲಿ ಬಾಡಿಗೆಗಿದ್ದೆವು. ಮುಂದಿನ ಭಾಗದಲ್ಲಿ ಮಾಲೀಕ ಪುಟ್ಟಸ್ವಾಮಿ ಮತ್ತು ಅವರ ಹೆಂಡತಿ ಸರೋಜಮ್ಮ, ಹಿಂದಿನ ಭಾಗದಲ್ಲಿ ನಾವು ಮೂರು ಜನ: ನಾನು, ನಮ್ಮ ಯಜಮಾನರು, ದಾವಣಗೆರೆಯಿಂದ ಮಗನ ಜೊತೆ ಬಂದಿದ್ದ ನಮ್ಮ ಅತ್ತೆ. ಎರಡೂ ಮನೆಗೆ ಒಂದೇ ಹೆಂಚಿನ ಸೂರು, ಒಂದೇ ಉದ್ದನೆಯ ಅಟ್ಟ. ಪುಟ್ಟಸ್ವಾಮಿಯವರು ಮಿಲ್ಲಿನಲ್ಲಿ ಶಿಫ್ಟಿನ ಕೆಲಸದವರು, ತಮಾಷೆಯ ಮನುಷ್ಯ. ನಮ್ಮವರು ಖಾಕಿ ಚೀಲ ಹೆಗಲಿಗೇರಿಸಿ ಕ್ಯಾಂಪಿಗೆ ಹೊರಟಾಗಲೆಲ್ಲ ಜಗುಲಿಯ ಮೇಲಿಂದ ಒಂದು ಮಾತು ಬಿಡದಿದ್ದರೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ.

"ಬೆಟ್ಟ ಅಗೆದು ಇಲಿ ಹಿಡಿದರು ಅಂತ ಗಾದೆ ಕೇಳಿದ್ದೆ ಸಾರ್. ಅದಕ್ಕೆ ಸರ್ಕಾರ ಸಂಬಳಾನೂ ಕೊಡುತ್ತೆ ಅಂತ ನಿಮ್ಮನ್ನ ನೋಡಿದ ಮೇಲೇ ಗೊತ್ತಾಗಿದ್ದು!"

ನಮ್ಮವರೂ ನಗುತ್ತಿದ್ದರು. ಆದರೆ ಕೆಲಸದ ವಿಷಯಕ್ಕೆ ಬಂದರೆ ಅವರು ತಮಾಷೆಯವರಲ್ಲ. ಪ್ಲೇಗು ಊರುಗಳಿಂದ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಆದರೂ ಅದರ ಕ್ರಿಮಿ ಎಲ್ಲಾದರೂ ಉಳಿದಿದೆಯೇ ಎಂದು ನೋಡುವುದೇ ಅವರ ಆಫೀಸಿನ ಕೆಲಸ. ಚಾಮರಾಜನಗರದಾಚೆಯ ಬೆಟ್ಟಗಳಲ್ಲಿ ಡೇರೆ ಹಾಕಿ, ಸಂಜೆ ಪೊದೆಗಳ ಬುಡದಲ್ಲಿ ಬೋನು ಇಟ್ಟು, ಬೆಳಗ್ಗೆ ಸಿಕ್ಕ ಇಲಿಗಳನ್ನು ಬಿಳಿಯ ಬಟ್ಟೆ ಚೀಲಕ್ಕೆ ಹಾಕಿ ಬಾಯಿ ಬಿಗಿಯುತ್ತಿದ್ದರು. ಔಷಧ ಮೂಸಿಸಿ ಮಲಗಿಸಿ, ಬಿಳಿಯ ಬೇಸಿನ್ನಿನ ಮೇಲೆ ಹಿಡಿದು ಬಾಚಣಿಗೆಯಿಂದ ಮೈ ಬಾಚುವುದು. ಉದುರಿದ ಚಿಗಟಗಳನ್ನು ಸೀಸೆಗೆ ತುಂಬಿ ಬೆಂಗಳೂರಿನ ಲ್ಯಾಬಿಗೆ ಕಳಿಸುವುದು. ನಾನು ವಾರಕ್ಕೊಮ್ಮೆ ಎಣ್ಣೆ ಹಚ್ಚಿ ತಲೆ ಬಾಚಿಕೊಳ್ಳುವಾಗ, "ನನ್ನ ಕೈಗೆ ಕೊಡೇ, ನಂಗೆ ಚೆನ್ನಾಗಿ ಅಭ್ಯಾಸ ಇದೆ" ಎಂದು ರೇಗಿಸುತ್ತಿದ್ದರು.

ಒಮ್ಮೆ ನಾನು ಕೇಳಿದ್ದೆ, ರೋಗವೇ ಇಲ್ಲದ ಮೇಲೆ ಹುಡುಕುವುದೇಕೆ ಎಂದು.

"ಊರಲ್ಲಿ ಸತ್ತಿದೆ ಅಷ್ಟೇ. ಬೆಟ್ಟದಲ್ಲಿ ಸತ್ತಿದೆ ಅಂತ ಯಾರು ಹೇಳಿದ್ರು? ಕಾಡಿಲಿ ಅದನ್ನ ಮೈಯೊಳಗೆ ಇಟ್ಕೊಂಡು ಆರಾಮಾಗಿ ಓಡಾಡ್ಕೊಂಡಿರುತ್ತೆ. ಅದಕ್ಕೇನೂ ಆಗಲ್ಲ. ನಾವು ಅದರ ಹತ್ರ ಹೋದಾಗಲೇ ತೊಂದ್ರೆ."

"ನೀವು ಹೋಗ್ತಾನೇ ಇದೀರಲ್ಲ?"

"ಅದಕ್ಕೇ ಸಂಬಳ ಕೊಡೋದು ಕಣೇ."

ಅತ್ತೆಗೆ ಈ ಕೆಲಸ ಕಂಡರೆ ಆಗುತ್ತಿರಲಿಲ್ಲ. ಶಿವಭಕ್ತರ ಮನೆಯಲ್ಲಿ ಹುಟ್ಟಿ ಜೀವ ಕೊಲ್ಲುವುದೇ ಎಂಬುದು ಒಂದು. ಅದಕ್ಕಿಂತ ದೊಡ್ಡದು ಹೆದರಿಕೆ. ಹುಡುಗಿಯಾಗಿದ್ದಾಗ ಅವರು ಪ್ಲೇಗು ಕಂಡಿದ್ದರು. ಮನೆಯಲ್ಲಿ ಇಲಿ ತಾನಾಗಿ ಸತ್ತು ಬಿದ್ದರೆ ಆ ಕ್ಷಣವೇ ಒಲೆ ಆರಿಸಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ, ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡು ಇರಬೇಕು. ಅದನ್ನು "ಇಲಿ ಬೀಳೋದು" ಎನ್ನುತ್ತಿದ್ದರು. ಇಲಿ ಬಿದ್ದ ಮನೆಯಲ್ಲಿ ದೀಪ ಹಚ್ಚುವಂತಿಲ್ಲ. ಅವರ ಅಣ್ಣನೊಬ್ಬ ಗುಡಿಸಲಿನಿಂದ ಮೆಲ್ಲಗೆ ವಾಪಸು ಬಂದು, ಬಿಟ್ಟುಬಂದಿದ್ದ ತನ್ನ ಬುಗುರಿಗಾಗಿ ಮನೆಯೊಳಗೆ ಹೋಗಿದ್ದನಂತೆ. ತೊಡೆಸಂದಿನಲ್ಲಿ ಗಡ್ಡೆ ಎದ್ದು ಮೂರನೆಯ ದಿನಕ್ಕೆ ಹೋದ. ಇದನ್ನು ಅತ್ತೆ ನನಗೆ ಎಷ್ಟು ಸಲ ಹೇಳಿದ್ದರೋ. ನಾನು ಅವರೇಕಾಯಿ ಸುಲಿಯುತ್ತಾ ಹೂಂಗುಟ್ಟುತ್ತಿದ್ದೆ.

ಆ ವರ್ಷ ಮಳೆ ಶ್ರಾವಣದಲ್ಲಿ ಹಿಡಿದದ್ದು ಬಿಡಲೇ ಇಲ್ಲ. ಬೆಂಗಳೂರಿನ ಮಳೆ ಸಂಜೆ ಬಂದು ಹೋಗುವ ನೆಂಟ ಎನ್ನುತ್ತಾರೆ. ಅದು ಹಾಸಿಗೆ ಹಾಸಿಕೊಂಡು ಕೂತಿತು. ನಮ್ಮವರು ಶ್ರಾವಣದ ನಡುವೆ ಎರಡು ದಿನಕ್ಕೆಂದು ಬಂದು, ಚೀಲವನ್ನು ಮಂಚದ ಕೆಳಗಿಟ್ಟು, ಬಟ್ಟೆಗಳನ್ನು ಅತ್ತೆ ಹೇಳಿದ ಹಾಗೆ ಹಂಡೆಯಲ್ಲಿ ಕುದಿಸಿ ಒಗೆಸಿಕೊಂಡು, ಗೌರಿ ಹಬ್ಬಕ್ಕೆ ಬರುತ್ತೇನೆಂದು ಹೇಳಿ ವಾಪಸು ಹೋದರು.

ಅದಾದ ಮೇಲೆ ಒಂದು ಬೆಳಗ್ಗೆ ನಾನು ಒಲೆ ಹಚ್ಚಲು ಕೂತಿದ್ದೆ. ಅಟ್ಟದಿಂದ ಏನೋ ತೊಪ್ಪನೆ ಬಿತ್ತು. ದೊಡ್ಡ ಇಲಿ. ಬಾಯಿಂದ ನೊರೆ ಬಂದಿತ್ತು, ಕಾಲು ಸೆಟೆದಿತ್ತು. ಅತ್ತೆ ದೇವರ ಮುಂದೆ ಲಿಂಗಪೂಜೆಗೆ ಕೂತಿದ್ದವರು ಎದ್ದು ಬಂದರು. ಇಲಿಯನ್ನು ನೋಡಿದರು. ಅವರ ಹಣೆಯ ವಿಭೂತಿಯ ಕೆಳಗೆ ಮುಖವೆಲ್ಲ ಅದೇ ಬಣ್ಣಕ್ಕೆ ತಿರುಗಿತು.

"ಏಳೇ ಗಿರಿಜಾ. ಇಲಿ ಬಿದ್ದೈತೆ. ಒಲೆ ಹಚ್ಬ್ಯಾಡ."

"ಅತ್ತೆ, ಇದು ಮನೆ ಇಲಿ..."

"ಅವನ ಚೀಲ ಮಂಚದ ಕೆಳಗಿತ್ತಲ್ಲೇ. ಒಂದು ಚಿಗಟ ಸಾಕು. ಏಳು ಅಂದ್ನಲ್ಲ!"

ಸೀಮೆಎಣ್ಣೆ ಸುರಿದು ಇಲಿಯನ್ನು ಹಿತ್ತಿಲಲ್ಲಿ ಸುಟ್ಟರು. ಮಳೆಯಲ್ಲಿ ಅದು ಸರಿಯಾಗಿ ಉರಿಯಲೂ ಇಲ್ಲ. ವಾದ ಮಾಡಬಹುದಿತ್ತು ಎಂದು ಈಗ ಯಾರಾದರೂ ಹೇಳಬಹುದು. ಅಣ್ಣನನ್ನು ಹಾಗೆ ಕಳೆದುಕೊಂಡ ಹೆಂಗಸಿನ ಕಣ್ಣು ನೋಡುತ್ತಾ ಯಾರು ವಾದ ಮಾಡುತ್ತಾರೆ? ಗಂಟು ಕಟ್ಟಿದೆ. ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಬೀಗ ಹಾಕಿದರು. ಸರೋಜಮ್ಮನಿಗೂ ಕತೆಯೆಲ್ಲ ಹೇಳಿ, ನಾವೆಲ್ಲಿರುತ್ತೇವೆ ಎಂಬುದನ್ನೂ ಹೇಳಿದರು. ಮಗ ಬಂದರೆ ಕಳಿಸಿ ಎಂದರು. ಕ್ಯಾಂಪಿನ ವಿಳಾಸಕ್ಕೆ ನಾನೊಂದು ಕಾರ್ಡನ್ನೂ ಬರೆದು ಹಾಕಿದೆ.

ನಾವು ಹೋದದ್ದು ಮೂಡಲಪಾಳ್ಯಕ್ಕೆ. ನಮ್ಮ ಬೀದಿಗೆ ಎಮ್ಮೆ ಹಾಲು ತರುತ್ತಿದ್ದ ಗಂಗಮ್ಮನ ಊರು ಅದು. ಆಗದು ಊರೇ, ಬಡಾವಣೆಯಲ್ಲ. ಹೊಸಹಳ್ಳಿ ದಾಟಿದರೆ ಸೈಟಿನ ಕಲ್ಲು ನೆಟ್ಟ ಖಾಲಿ ಜಾಗಗಳು, ಅಲ್ಲೊಂದು ಇಲ್ಲೊಂದು ಅರ್ಧ ಎದ್ದ ಮನೆ, ಆಮೇಲೆ ರಾಗಿ ಹೊಲ. ಕೆಂಪು ಕೆಸರು ಮೊಣಕಾಲ ತನಕ. ಗಂಗಮ್ಮ ಕೊಟ್ಟಿಗೆಯ ಪಕ್ಕದ ತೆಂಗಿನ ಗರಿಯ ಮಾಡನ್ನು ಗುಡಿಸಿಕೊಟ್ಟಳು. "ಎಷ್ಟು ದಿನ ಬೇಕಾದ್ರೂ ಇರ್ರವ್ವಾ. ಎಮ್ಮೆ ಏನೂ ಬಾಡಿಗೆ ಕೇಳಲ್ಲ" ಎಂದಳು.

ಇತ್ತ ಸರೋಜಮ್ಮ ಹೆದರಿ, ನಿಜ ಹೇಳಿದರೆ ಗಂಡ ತಮಾಷೆ ಮಾಡುತ್ತಾರೆಂದು, ಅವರು ಶಿಫ್ಟಿನಿಂದ ಬರುತ್ತಲೇ ಹಬ್ಬದ ನೆಪ ಹೇಳಿ ಹೊರಡಿಸಿಕೊಂಡು, ಅವರ ಕಣ್ಣು ತಪ್ಪಿಸಿ ತಾವೂ ಬಾಗಿಲಿಗೆ ಬೇವು ಸಿಕ್ಕಿಸಿ, ತುಮಕೂರಿನ ಮಗಳ ಮನೆಗೆ ಹೊರಟುಹೋದರು. ಇದು ನಮಗೆ ಗೊತ್ತಿರಲಿಲ್ಲ.

ಮಾಡಿನ ಕೆಳಗೆ ಕೂತ ಆ ದಿನಗಳಲ್ಲಿ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಹೆದರಿಕೆಯೂ ಒಂದು ಹಂತದಾಚೆಗೆ ಮರಗಟ್ಟುತ್ತದೆ. ಬೆಳಗಾದರೆ ಅತ್ತೆ ನನ್ನ ಬಗಲು, ಕುತ್ತಿಗೆ ಒತ್ತಿ ನೋಡುವರು. ನಾನು ಅವರ ಕುತ್ತಿಗೆ ಒತ್ತಿ ನೋಡುವೆ. ಗಡ್ಡೆಯಿಲ್ಲ. ಸರಿ, ಇವತ್ತು ಅನ್ನ ಮಾಡೋಣ. ಮಳೆ ಸೋರುವ ಕಡೆ ಪಾತ್ರೆ ಇಟ್ಟು, ತುಂಬಿದಾಗ ಚೆಲ್ಲುವುದೇ ಒಂದು ಕೆಲಸ. ಎಮ್ಮೆಗಳು ಮೆಲುಕು ಹಾಕುತ್ತಾ ನಮ್ಮನ್ನೇ ನೋಡುತ್ತಿದ್ದವು.

ನಮ್ಮವರಿಗೆ ಬೆಟ್ಟದಲ್ಲಿ ಜ್ವರ ಬಂದಿತ್ತು. ಇದೆಲ್ಲ ಆಮೇಲೆ ಅವರೇ ಹೇಳಿದ್ದು. ತಲೆ ಸಿಡಿಯುವ ನೋವು, ನಡುಕ. ತೊಡೆಸಂದಿಗೆ ಕೈ ಹಾಕಿ ನೋಡಿಕೊಂಡರೆ ಗಡ್ಡೆ. ಇಷ್ಟು ವರ್ಷ ಇಲಿಗಳಲ್ಲಿ ಹುಡುಕಿದ್ದು ನನ್ನಲ್ಲೇ ಸಿಕ್ಕಿತಲ್ಲ ಎಂದು ನಗು ಬಂತಂತೆ. ಬೆಟ್ಟದ ದಾರಿಯೆಲ್ಲ ಮಳೆಗೆ ಕುಸಿದು ಆಫೀಸಿನ ಜೀಪು ಬರುವಂತಿರಲಿಲ್ಲ. ಚೀಲದಲ್ಲಿದ್ದ ಯಾವುದೋ ಮಾತ್ರೆ ನುಂಗಿ, ಸರಕಿನ ಲಾರಿಯೊಂದರ ಹಿಂದೆ ಟಾರ್ಪಾಲಿನ ಕೆಳಗೆ ಒಬ್ಬರೇ ಕೂತು ಬೆಂಗಳೂರಿಗೆ ಬಂದರು. ದೂರದಿಂದ ಅಮ್ಮನಿಗೊಂದು ಮಾತು ಹೇಳಿ ಆಸ್ಪತ್ರೆಗೆ ಹೋಗುವುದು ಅವರ ಲೆಕ್ಕ. ನಾನು ಬರೆದ ಕಾರ್ಡು ಅವರು ಹೊರಟ ಮೇಲೆ ಕ್ಯಾಂಪು ಸೇರಿತು.

ವಠಾರಕ್ಕೆ ಬಂದರೆ ಎರಡೂ ಬಾಗಿಲಿಗೆ ಬೀಗ. ಎರಡೂ ಬಾಗಿಲಿಗೆ ಬಾಡಿದ ಬೇವು. ಎದುರು ಮನೆಯವರು ಕಿಟಕಿಯಿಂದಲೇ, "ನಿಮ್ಮನೇಲಿ ಇಲಿ ಬಿತ್ತಂತೆ ಸಾರ್. ಎಲ್ಲಾರೂ ಹೋಗ್ಬಿಟ್ರು. ಎಲ್ಲಿಗೋ ಗೊತ್ತಿಲ್ಲ" ಎಂದು ಹೇಳಿ ಕಿಟಕಿ ಮುಚ್ಚಿಕೊಂಡರು.

ಅಲ್ಲಿಗೆ ಅವರ ತಲೆ ಕೆಟ್ಟಿತು. ತಾನೇ ಚೀಲದಲ್ಲಿ ರೋಗ ತಂದೆ, ಮನೆಯವರಿಗೆ ಹತ್ತಿಸಿದೆ, ನಾವು ಇದ್ದೇವೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ. ಬಸ್ಸು ಹತ್ತಿದರೆ ಬಸ್ಸಿನವರಿಗೆ ಹತ್ತುತ್ತದೆ, ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಸಾಲಿನವರಿಗೆ. ಅಮ್ಮ ಇಲಿ ಬಿದ್ದರೆ ಬಯಲಿಗೇ ಹೋಗಿರುತ್ತಾಳೆ ಎಂಬುದಷ್ಟು ಜ್ವರದಲ್ಲೂ ನೆನಪಿತ್ತು. ನಮ್ಮ ಬೀದಿಗೆ ಹತ್ತಿರದ ಬಯಲೆಂದರೆ ಹೊಸಹಳ್ಳಿಯ ಕಡೆಯದೇ. ನಡೆದರು. ಹೊಸಹಳ್ಳಿಯ ಆಚೆ ಗುಡಿಸಲುಗಳು ಕಂಡಾಗ, ಹತ್ತಿರ ಹೋದರೆ ನಮಗೆ ಹತ್ತಿಸಿಬಿಡುತ್ತೇನೆ ಎಂದುಕೊಂಡು ಅಲ್ಲೇ ಒಂದು ಅರ್ಧ ಕಟ್ಟಿದ ಮನೆಯೊಳಗೆ ಸೇರಿಕೊಂಡರು. ನಾವಿದ್ದ ಕೊಟ್ಟಿಗೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರವಲ್ಲದಿದ್ದರೂ, ತೀರ ದೂರವೇನೂ ಅಲ್ಲ.

ಗಂಗಮ್ಮ ಸಂಜೆ ಹಾಲು ಕರೆಯುತ್ತಾ ಸುದ್ದಿ ಹೇಳುವುದು ವಾಡಿಕೆ. ಅವತ್ತು ಹೇಳಿದಳು: "ಆ ಸೈಟುಗಳತ್ರ ಯಾವನೋ ಹುಚ್ಚ ಬಂದವ್ನೆ ಕಣ್ರವ್ವಾ. ನಿನ್ನೆಯಿಂದ ಗೋಡೆಗೊರಗಿ ಕುಂತವ್ನೆ. ಯಾರಾದ್ರೂ ಹತ್ರ ಹೋದ್ರೆ 'ಬರಬ್ಯಾಡಿ, ಬರಬ್ಯಾಡಿ' ಅಂತ ಮಣ್ಣುಹೆಂಟೆ ಬೀಸ್ತಾನೆ. ಪಕ್ಕದಾಗೆ ಒಂದು ಇಲಿ ಬೋನು ಬ್ಯಾರೆ ಮಡಿಕ್ಕಂಡವ್ನೆ."

ಅತ್ತೆಯ ಕೈಯಿಂದ ಸೌಟು ಬಿತ್ತು. ನಾನು ಆಗಲೇ ಎದ್ದಿದ್ದೆ.

ಓಡಿದೆನೋ ನಡೆದೆನೋ ತಿಳಿಯದು. ಕೆಸರಿನಲ್ಲಿ ಚಪ್ಪಲಿ ಕಿತ್ತುಹೋಯಿತು, ಅಲ್ಲೇ ಬಿಟ್ಟೆ. ಸಂಜೆಯ ಬೆಳಕು ಇನ್ನೂ ಇತ್ತು. ಸೂರಿಲ್ಲದ ಮನೆ, ಬಾಗಿಲಿಲ್ಲದ ಬಾಗಿಲುವಾಡ, ಒಳಗೆ ಮೂಲೆಯಲ್ಲಿ ಅವರು. ಗಡ್ಡ ಬೆಳೆದು, ಕಣ್ಣು ಕೆಂಡವಾಗಿ, ಗುರುತೇ ಸಿಗದ ಹಾಗೆ.

"ರೀ" ಎಂದೆ. 

ಒಂದು ಹೆಂಟೆ ನನ್ನ ಹೆಗಲಿಗೆ ಬಡಿಯಿತು. "ಬರಬೇಡ! ಹತ್ರ ಬರಬೇಡ ತಾಯೀ!"

"ರೀ, ನಾನು ಕಣ್ರೀ... ರೀ..."

ಇನ್ನೊಂದು ಹೆಂಟೆ. ಅವರಿಗೆ ನಾನು ಯಾರೋ. ಲೋಕದ ಹೆಂಗಸರೆಲ್ಲ ಗಂಡನನ್ನು ಕರೆಯುವುದು "ರೀ" ಎಂದೇ. ಅದರಲ್ಲಿ ನಾನು ಯಾವಳೆಂದು ಜ್ವರದ ಮನುಷ್ಯನಿಗೆ ಹೇಗೆ ತಿಳಿಯಬೇಕು? ಅತ್ತೆ ಮುದುಕಿ, ಕೆಸರಿನಲ್ಲಿ ಬಹಳ ಹಿಂದೆ ಉಳಿದಿದ್ದರು. ಗಂಡನ ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮ್ಮ ಕಡೆ ನಂಬಿಕೆ. ರೇಷನ್ ಕಾರ್ಡು ಬರೆಸುವಾಗಲೂ ಪಕ್ಕದವರ ಕೈಲಿ ಹೇಳಿಸಿದವಳು ನಾನು. ಮದುವೆಯಲ್ಲಿ ಒಗಟು ಕಟ್ಟಿ ಹೆಸರು ಹೇಳು ಎಂದು ಎಲ್ಲರೂ ಪೀಡಿಸಿದಾಗಲೂ ನಾಚಿಕೊಂಡು ಬಾಯೊಳಗೇ ಗೊಣಗಿದ್ದೆ, ಯಾರಿಗೂ ಕೇಳಿರಲಿಲ್ಲ.

"ಕೊಟ್ರಪ್ಪಾ!" ಎಂದು ಕೂಗಿದೆ.

ಬಯಲಿಗೆಲ್ಲ ಕೇಳಿರಬೇಕು. ಮೇಲೆತ್ತಿದ್ದ ಅವರ ಕೈ ಹಾಗೇ ನಿಂತಿತು. ಮತ್ತೆ ಕೂಗಿದೆ. ಹೆಂಟೆ ಕೈಯಿಂದ ಜಾರಿ ಬಿತ್ತು. ಆಮೇಲೆ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಸಣ್ಣ ದನಿಯಲ್ಲಿ ಹೇಳಿದರು:

"ಮೆಲ್ಲಗೆ ಕಣೇ. ಅಮ್ಮ ಕೇಳಿಸ್ಕೊಂಡಾಳು."

ಹೋಗಿ ತಬ್ಬಿಕೊಂಡೆ. ಮೈ ಕಾದ ಹೆಂಚಾಗಿತ್ತು. ಅತ್ತೆ ಬಂದವರು ಬಾಗಿಲುವಾಡದಲ್ಲಿ ನಿಂತರು. ಹೆಸರು ಅವರಿಗೂ ಕೇಳಿತ್ತು. ಇಲಿ ಬಿದ್ದ ಮನೆಗೆ ಕಾಲಿಡದ ಹೆಂಗಸು ಮಗನ ಪಕ್ಕ ಕೆಸರಿನಲ್ಲಿ ಕೂತು ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು.

ಗಂಗಮ್ಮನ ಎತ್ತಿನ ಗಾಡಿಯಲ್ಲಿ ಮಾಗಡಿ ರಸ್ತೆಯ ತನಕ, ಅಲ್ಲಿಂದ ಆಟೋದಲ್ಲಿ ಆಸ್ಪತ್ರೆಗೆ. ಡಾಕ್ಟರು ಕೇಳುವ ಮುಂಚೆಯೇ ಇವರು "ಪ್ಲೇಗ್ ಸಾರ್, ಪ್ಲೇಗ್. ನನ್ನನ್ನ ಬೇರೆ ಇಡಿ" ಎಂದರು. ಅತ್ತೆ "ಹೌದು ಸ್ವಾಮಿ, ನಂಗೊತ್ತು ಆ ಗಡ್ಡೆ" ಎಂದರು. ಆಫೀಸಿನ ದೊಡ್ಡ ಸಾಹೇಬರಿಗೆ ಸುದ್ದಿ ಹೋಯಿತು. ಬಂದು ಗಡ್ಡೆಯಿಂದ ಸೂಜಿಯಲ್ಲಿ ನೀರು ತೆಗೆದು ಲ್ಯಾಬಿಗೆ ಒಯ್ದರು. ಅವರ ಮುಖದಲ್ಲಿ ಮರುಕವಿತ್ತು, ಅದರ ಜೊತೆಗೆ ಬಹಳ ದಿನದಿಂದ ಹುಡುಕುತ್ತಿದ್ದದ್ದು ಸಿಕ್ಕವರ ಕಳೆಯೂ ಇತ್ತು. ನನಗೆ ಅದು ಕಂಡಿತು, ಆದರೆ ಸಿಟ್ಟು ಬರಲಿಲ್ಲ. ಒಳಗೆ ಏನೂ ಅಲುಗಾಡುತ್ತಿರಲಿಲ್ಲ.

ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಶುರುವಾಯಿತು. ಪ್ಲೇಗಿಗೆ ಅದೇ ಮದ್ದು. ಬೇರೆ ಕೋಣೆ, ಕಿಟಕಿಯಿಂದ ಮಾತು. ನಾನು ಮಾತ್ರ ಮೂಗಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋಗಬಹುದಿತ್ತು. ಮೊದಲ ದಿನ ನರ್ಸು ಮೈ ಪರೀಕ್ಷೆಗೆಂದು ಇವರ ಉಡಿದಾರವನ್ನು ಕತ್ತರಿಸಲು ಕತ್ತರಿ ತಂದಳು. ಕಪ್ಪು ನೂಲಿನ ದಪ್ಪ ಉಡಿದಾರ, ಅದರಲ್ಲೊಂದು ತಾಯಿತ. ಕಿಟಕಿಯಿಂದ ನೋಡುತ್ತಿದ್ದ ಅತ್ತೆ ಚೀರಿದರು.

"ಅದನ್ನ ಮುಟ್ಟಬ್ಯಾಡವ್ವಾ! ಗಂಡಸಿನ ಉಡಿದಾರ ಹರಿಯೋದು ಹೆಣದ ಮೈಮೇಲೆ. ನನ್ನ ಮಗ ಇನ್ನೂ ಜೀವಂತ ಅವ್ನೆ!"

ಆ ಕೂಗಿಗೆ ನರ್ಸು ಬೆಚ್ಚಿದಳು. ಡಾಕ್ಟರೂ "ಹೋಗ್ಲಿ ಬಿಡಿ ಸಿಸ್ಟರ್, ಅದೇನು ಮಾಡುತ್ತೆ" ಎಂದರು. ಅತ್ತೆ ಒಂದು ವಿಭೂತಿ ಗಟ್ಟಿ ಕೊಟ್ಟು ಉಡಿದಾರದ ಸುತ್ತ ಹಚ್ಚಲು ನನಗೆ ಹೇಳಿದರು. ಹಚ್ಚಿದೆ. ಅದರ ಮೇಲೊಂದು ಶುಭ್ರ ಬಟ್ಟೆಯನ್ನೂ ಸುತ್ತಿದೆ. ಆಮೇಲೆ ಆ ಜಾಗವನ್ನು ಯಾರೂ ನೋಡಲಿಲ್ಲ.

ಜ್ವರ ಇಳಿಯಲಿಲ್ಲ. ಪ್ಲೇಗಾದರೆ ಇಷ್ಟು ಹೊತ್ತಿಗೆ ಇಳಿಯಬೇಕಿತ್ತು ಎಂದರು, ಮದ್ದು ಹೆಚ್ಚಿಸಿದರು. ಇವರು "ಕಿವೀಲಿ ಜೀರುಂಡೆ ಕೂಗ್ತಿದೆ ಕಣೇ, ಓಡಿಸೇ" ಎನ್ನತೊಡಗಿದರು. ಬೆಟ್ಟದ ನೆನಪಿನಲ್ಲಿ ಬಡಬಡಿಸುತ್ತಾರೆ ಎಂದುಕೊಂಡೆವು. ಅದೇ ದೊಡ್ಡ ಸಾಹೇಬರು ಬಂದು ಗಡ್ಡೆಯ ನೀರಿನಲ್ಲಿ ಏನೂ ಬೆಳೆಯಲಿಲ್ಲ ಎಂದು ಹೇಳಿದರು. ಅವರ ಮುಖ ಸಣ್ಣದಾಗಿತ್ತು. ಹೊರಗೆ ಮಳೆ. ನಾನು ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತಿದ್ದೆ. ಒರೆಸುವುದು, ಹಿಂಡುವುದು, ಒರೆಸುವುದು. ಸಾಯುತ್ತಾರೆ ಎಂದು ಯಾರೂ ಹೇಳದಿದ್ದರೂ ನರ್ಸುಗಳು ನನ್ನ ಜೊತೆ ಮೆತ್ತಗೆ ಮಾತಾಡತೊಡಗಿದ್ದರು, ಅದರಿಂದ ತಿಳಿಯಿತು. ತಿಳಿದರೂ ಅಳು ಬರಲಿಲ್ಲ. ಯಾರ ಗಂಡನಿಗೋ ಹೀಗಾಗಿದೆ ಎಂಬ ಹಾಗೆ ಬಟ್ಟೆ ಹಿಂಡುತ್ತಿದ್ದೆ.

ಒಂದು ಮಧ್ಯಾಹ್ನ ಬೆವರಿಗೆ ಆ ಸುತ್ತಿದ ಬಟ್ಟೆ ನೆನೆದು ನಾರುತ್ತಿತ್ತು. ಬಿಚ್ಚಿದೆ. ಕಲಸಿಹೋಗಿದ್ದ ವಿಭೂತಿ ಒರೆಸಲು ಉಡಿದಾರವನ್ನು ಬೆರಳಿನಿಂದ ಸ್ವಲ್ಪ ಮೇಲಕ್ಕೆ ಸರಿಸಿದೆ. ತಾಯಿತದ ಕೆಳಗೆ, ನೂಲು ಒತ್ತುತ್ತಿದ್ದ ಜಾಗದಲ್ಲಿ, ಬೀಡಿಯಿಂದ ಸುಟ್ಟ ಹಾಗೆ ಒಂದು ಕಪ್ಪು ಹಕ್ಕಳೆ ಇತ್ತು. ಸುತ್ತ ಕೆಂಪು. ಎಲ್ಲಿ ಸುಟ್ಟುಕೊಂಡರಪ್ಪ ಎಂದುಕೊಂಡು ಡಾಕ್ಟರು ಬಂದಾಗ ತೋರಿಸಿದೆ, ಮುಲಾಮು ಕೊಡಲಿ ಎಂದು.

ಡಾಕ್ಟರು ಬಗ್ಗಿ, ಉಡಿದಾರವನ್ನು ಇನ್ನಷ್ಟು ಮೇಲಕ್ಕೆ ಸರಿಸಿ ನೋಡಿದರು.

"ಇದು ಪ್ಲೇಗ್ ಅಲ್ಲಮ್ಮ" ಎಂದರು. "ಬೆಟ್ಟದ ಪೊದೆಗಳಲ್ಲಿ ಕಾಡಿಲಿ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಇರುತ್ತೆ. ಬಟ್ಟೆ ಬಿಗಿಯಾಗಿರೋ ಕಡೆ ಹೋಗಿ ಕಚ್ಚುತ್ತೆ. ಕಚ್ಚಿದ ಕಡೆ ಹೀಗೆ ಕಪ್ಪಾಗುತ್ತೆ, ಪಕ್ಕದಲ್ಲಿ ಗಡ್ಡೆ ಕಟ್ಟುತ್ತೆ. ಇದರ ಕ್ರಿಮೀನೇ ಬೇರೆ, ಮದ್ದೂ ಬೇರೆ. ಇಲ್ಲೀತನಕ ಕೊಟ್ಟಿದ್ದು ಇದಕ್ಕೆ ನಾಟೋದಿಲ್ಲ."

ಹಳದಿ ಮಾತ್ರೆ ಕೊಟ್ಟರು. ಮಾರನೆಯ ದಿನ ಜ್ವರ ಇಳಿಯತೊಡಗಿತು. ಅದರ ಮಾರನೆಯ ದಿನ ಬೆಳಗ್ಗೆ ಇವರು ಕಣ್ಣು ಬಿಟ್ಟು, ಸರಿಯಾದ ಕಣ್ಣಿನಿಂದ ನನ್ನನ್ನು ನೋಡಿ, "ಮಳೆ ನಿಂತಿತಾ?" ಎಂದರು.

ಹೊರಗೆ ತಗಡಿನ ಮೇಲೆ ಮಳೆ ಧೋ ಎಂದು ಹೊಯ್ಯುತ್ತಿತ್ತು.

ನಾನು ಇಲ್ಲ ಎಂದೆ. ಏನು ಎಂದರು. ಜೋರಾಗಿ ಇಲ್ಲ ಎಂದೆ. ಏನೇ ಎಂದರು. ಅಲ್ಲಿಗೆ ಗೊತ್ತಾಯಿತು.

ಡಾಕ್ಟರು ಬಂದು ಕಿವಿಯ ಹತ್ತಿರ ಚಪ್ಪಾಳೆ ತಟ್ಟಿ ನೋಡಿದರು. "ಆ ಜ್ವರಕ್ಕೂ ಕಿವಿ ಹೋಗೋದುಂಟು. ಈ ಇಂಜೆಕ್ಷನ್ನಿಗೂ ಹೋಗೋದುಂಟು. ಯಾವುದರಿಂದ ಅಂತ ನಾನು ಹೇಳಲಾರೆ ಅಮ್ಮ. ಕೆಲವರಿಗೆ ವಾಪಸ್ ಬರುತ್ತೆ." ಇವರಿಗೆ ಬರಲಿಲ್ಲ. ಸ್ಲೇಟು ತರಿಸಿ 'ಪ್ಲೇಗ್ ಅಲ್ಲ' ಎಂದು ಬರೆದು ತೋರಿಸಿದೆ. ಓದಿ, "ಹಾಗಾದ್ರೆ ಮನೇಲಿ ಬಿದ್ದ ಇಲಿ?" ಎಂದರು.

ಅದಕ್ಕೆ ಉತ್ತರ ಪುಟ್ಟಸ್ವಾಮಿಯವರ ಹತ್ತಿರವಿತ್ತು. ನಾವು ಮನೆಗೆ ವಾಪಸಾದ ದಿನ ಅವರೂ ತುಮಕೂರಿನಿಂದ ಬಂದಿದ್ದರು. ವಿಷಯವೆಲ್ಲ ಕೇಳಿ ಜಗುಲಿಯಿಂದ ಎದ್ದು ಬಂದರು. "ಅಯ್ಯೋ ಶಿವನೇ! ಅಟ್ಟದ ಮೇಲೆ ಇಲಿ ಪಾಷಾಣ ಇಟ್ಟಿದ್ದು ನಾನು ಕಣಮ್ಮ. ಇವಳು ಹಬ್ಬಕ್ಕೆ ಮಗಳ ಮನೆಗೆ ಹೋಗೋಣ ಅಂದ್ಲು, ಹೊರಟೆ. ಇಲಿ ಬಿತ್ತು ಅಂತ ನನಗೆ ಯಾರು ಹೇಳಿದ್ರು?" ಆ ದಿನದ ನಂತರ ಅವರು ನಮ್ಮವರಿಗೆ ಗಾದೆ ಹೇಳಲಿಲ್ಲ. ಹೇಳಿದರೂ ಇವರಿಗೆ ಕೇಳುತ್ತಿರಲಿಲ್ಲ.

ಅತ್ತೆ ನಿಂತಲ್ಲೇ ಅದನ್ನು ಕೇಳಿಸಿಕೊಂಡರು. ಒಣಗಿದ ಬೇವು ಕಿತ್ತು, ಬೀಗ ತೆಗೆದು, ಮನೆ ತೊಳೆದು, ಹೊಸ ಮನೆ ಹೊಕ್ಕಾಗ ಮಾಡುವ ಹಾಗೆ ಒಲೆ ಹಚ್ಚಿ ಹಾಲು ಉಕ್ಕಿಸಿದರು. ಉಕ್ಕಿ ಒಲೆಗೆ ಸುರಿದರೂ ಇಳಿಸಲಿಲ್ಲ. ಪಾತ್ರೆ ಹತ್ತಿ ಸೀದ ಮೇಲೆ ನಾನೇ ಹೋಗಿ ಇಳಿಸಿದೆ. ಪ್ಲೇಗಿನ ಮಾತನ್ನು ಅವರು ಸಾಯುವ ತನಕ ಮತ್ತೆ ಎತ್ತಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತೇನೋ. ಮಗನನ್ನೂ ನನ್ನನ್ನೂ ಉಳಿಸಿಕೊಳ್ಳಲು ಹೋದವರು. ಅವರು ಊಟ ಬಿಟ್ಟು ಕೂತಾಗ ಬಾಯಿಗೆ ತುತ್ತಿಟ್ಟೆ, ಅಷ್ಟೇ.

ಬೋನು ಬಿದ್ದ ಸದ್ದು ಕೇಳದವನಿಗೆ ಬೆಟ್ಟದಲ್ಲೇನು ಕೆಲಸ ಎಂದು ಇವರೇ ಹೇಳಿ, ಲ್ಯಾಬಿನ ಸ್ಟೋರಿಗೆ ವರ್ಗ ಮಾಡಿಸಿಕೊಂಡರು. ಮಕ್ಕಳಾದವು. ಬಸವೇಶ್ವರನಗರದಲ್ಲಿ ಒಂದು ಸಣ್ಣ ಮನೆಯಾಯಿತು. ನಾನು ಇವರನ್ನು ಹೆಸರು ಹಿಡಿದೇ ಕರೆಯತೊಡಗಿದೆ. "ಕೊಟ್ರಪ್ಪಾ, ಊಟಕ್ಕೆ ಬನ್ನಿ." "ಕೊಟ್ರಪ್ಪಾ, ಛತ್ರಿ ಮರೆತಿರಿ." ಅತ್ತೆ ಒಂದು ದಿನವೂ ಬೇಡವೆನ್ನಲಿಲ್ಲ. ಮೈ ಮುಟ್ಟಿ ಕರೆಯಬಹುದಿತ್ತು, ಕೈ ಸನ್ನೆ ಮಾಡಬಹುದಿತ್ತು. ಅವೆಲ್ಲ ಮಾಡುವ ಮುಂಚೆ ಬಾಯಿ ತಾನಾಗಿ ಕೂಗುತ್ತಿತ್ತು. ಇವರು ಬಂದವರಿಗೆಲ್ಲ ನಗುತ್ತಾ ಹೇಳುತ್ತಿದ್ದರು: "ನನ್ನ ಹೆಂಡ್ತಿ ನನ್ನ ಹೆಸರು ಕೂಗಿದ್ದು ಒಂದೇ ಒಂದು ಸಂಜೆ ನಾನು ಕೇಳಿದೀನಿ ಸಾರ್. ಈಗ ದಿನಾ ಕೂಗ್ತಾಳಂತೆ, ನಂಗೆ ಕೇಳಲ್ಲ."

ಕೆಲವು ವರ್ಷಗಳ ಹಿಂದೆ ಅವರು ಹೋದರು. ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋದರು. ಸ್ನಾನ ಮಾಡಿಸುವ ಮುಂಚೆ ಹಿರಿಯರೊಬ್ಬರು ಕತ್ತರಿ ಕೇಳಿದರು, ಉಡಿದಾರ ಹರಿಯಲು. ನಾನೇ ತಂದುಕೊಟ್ಟೆ. ನೂಲು ಕಳಚಿ ಬಿದ್ದಾಗ ಅದರ ಕೆಳಗೆ ಬಟಾಣಿಯಷ್ಟಗಲದ ಆ ಬಿಳಿಯ ಕಲೆ ಹಾಗೇ ಇತ್ತು. ಅದರ ಮೇಲೆ ಬೆರಳಿಟ್ಟು ಹೆಸರು ಹಿಡಿದು ಕರೆದೆ. ಬಯಲಿನಲ್ಲಿ ಕೂಗಿದಷ್ಟೇ ಜೋರಾಗಿ ಕರೆದೆ. ಹೆಂಗಸರು ನನ್ನ ಭುಜ ಹಿಡಿದುಕೊಂಡು, ಅವರಿಗಿನ್ನು ಕೇಳೋದಿಲ್ಲಮ್ಮ, ಸಮಾಧಾನ ಮಾಡ್ಕೊಳ್ಳಿ ಎಂದರು. ಕೇಳುವುದಿಲ್ಲ ಎಂದು ಗೊತ್ತಿದ್ದೂ ಕರೆಯುವುದು ನನಗೆ ಹೊಸದಾಗಿರಲಿಲ್ಲ.